ಬೆಸುಗೆ ಹರಿಯೋ ಹೊತ್ತಿಗೇ ಬಾಗಿಲು ಬಡೀತಾರೆ

ಇಷ್ಟು ಬರೆಯುವಷ್ಟರಲ್ಲಿ ಒಬ್ಬರು ಬಂದು ಕರಿಬೇವು ಕೇಳಿಕೊಂಡು ಹೋದರು. ಇಷ್ಟು ಅಂದರೆ, ಇನ್ನೂ ತಲೆಬರಹ ಮಾತ್ರ ಆಗಿತ್ತು.

ನಮ್ಮ ಮನೆ ಇರುವುದು ಶಿಡ್ಲಘಟ್ಟದಲ್ಲಿ, ಬೀದಿಗೆ ಅಂಟಿಕೊಂಡೇ. ಕಿಟಕಿ ಪಕ್ಕದ ಮೂಲೆಯಲ್ಲಿ ನನ್ನದೊಂದು ಟೇಬಲ್ಲು. ಅದರ ಮೇಲೆ ಸುತ್ತಿಗೆ, ಇಕ್ಕಳ, ಅರ, ಒಂದು ಸಣ್ಣ ಗ್ಯಾಸ್ ಟಾರ್ಚು. ನಾನು ಓದಿದ್ದು ಹತ್ತನೇ ಕ್ಲಾಸು. ಆಮೇಲೆ ಮದುವೆ, ಆಮೇಲೆ ಮಗಳು, ಆಮೇಲೆ ಮಗಳ ಎಲ್‌ಕೆಜಿ. ಅವಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ನಾನೂ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಲ್ಲಿ ಹೆಂಗಸರಿಗೆಂದು ನಡೆಯುತ್ತಿದ್ದ ತರಬೇತಿಯಲ್ಲಿ ಬೆಳ್ಳಿ, ತಾಮ್ರದ ಒಡವೆ ಮಾಡುವುದನ್ನು ಕಲಿತೆ. ಮಿಕ್ಕಿದ್ದನ್ನು ಮನೆಯಲ್ಲಿ ವಿಡಿಯೋ ನೋಡಿ ಕಲಿಯುತ್ತಿದ್ದೇನೆ. ವಿಡಿಯೋದಲ್ಲಿ ಒಡವೆ ಮಾಡುವವಳ ಮನೆಗೆ ಯಾರೂ ಬರುವುದೇ ಇಲ್ಲ. ಅವಳಿಗೆ ಅತ್ತೆ ಇದ್ದ ಹಾಗಿಲ್ಲ, ಒಲೆ ಮೇಲೆ ಕುಕ್ಕರೂ ಇದ್ದ ಹಾಗಿಲ್ಲ.

ಬೆಸುಗೆ ಹಾಕುವುದು ಹೀಗೆ: ಎರಡು ತುದಿ ಕೂಡಿಸಿ, ಬಿಳಿಗಾರ ಹಚ್ಚಿ, ಮೇಲೊಂದು ಚೂರು ಬೆಸುಗೆ ಇಟ್ಟು ಉರಿ ಹಿಡಿಯಬೇಕು. ಲೋಹ ಕಾದು ಕಾದು ಮಂಕಾಗಿ ಕೆಂಪೇರುತ್ತದೆ. ಆಗ ಒಂದೇ ಒಂದು ಕ್ಷಣ ಬೆಸುಗೆ ನೀರಿನ ಹಾಗೆ ಫಳಕ್ಕನೆ ಹರಿಯುತ್ತದೆ. ಆ ಕ್ಷಣಕ್ಕೆ ಉರಿ ತೆಗೆದರೆ ಒಡವೆ. ಸ್ವಲ್ಪ ತಡವಾದರೆ ಉಂಡೆ. ಆ ಒಂದು ಕ್ಷಣ ಯಾವುದು ಅನ್ನುವುದು ನನಗಿಂತ ಚೆನ್ನಾಗಿ ನಮ್ಮ ಬೀದಿಯವರಿಗೆ ಗೊತ್ತು. ಸರಿಯಾಗಿ ಅದೇ ಹೊತ್ತಿಗೆ ಬಂದು ಬಾಗಿಲು ಬಡಿಯುತ್ತಾರೆ.

ಇಂಥ ಹೊತ್ತಿನಲ್ಲಿ ನಮ್ಮ ನಾದಿನಿಗೆ ಮದುವೆ ಗೊತ್ತಾಯಿತು. ಅವಳು ನನ್ನ ಗಂಡನ ತಂಗಿ. ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ, ಭಾನುವಾರ ಮಾತ್ರ ಮನೆಗೆ ಬರುತ್ತಾಳೆ. "ಅತ್ತಿಗೆ, ನನ್ನ ಕಾಲುಂಗುರ ನೀವೇ ಮಾಡ್ಬೇಕು" ಅಂದುಬಿಟ್ಟಳು. ನಮ್ಮತ್ತೆ ಒಳಗೆ ಹೋಗಿ, ತಮ್ಮ ಮಗಳು ಚಿಕ್ಕವಳಿದ್ದಾಗ ಹಾಕಿಕೊಂಡಿದ್ದ ಬೆಳ್ಳಿ ಗೆಜ್ಜೆ ತಂದು ನನ್ನ ಮುಂದಿಟ್ಟರು.

"ಇದನ್ನೇ ಕರಗಿಸಿ ಮಾಡು. ಮದುವೆ ಬೆಳ್ಳಿ ಒಂದು ಸಲ ಕರಗಬೇಕು ಕಣಮ್ಮ, ಎರಡನೇ ಸಲ ಕರಗಿಸೋ ಹಾಗಿಲ್ಲ. ಸರಿಯಾಗಿ ಬಂದ್ರೆ ಆ ಮೂಲೆ ನಿಂದು. ಬರಲಿಲ್ವೋ, ಅಂಗಡೀಲಿ ತರ್ತೀನಿ, ಆ ಮೂಲೆಗೆ ದಿವಾನ್ ಕಾಟ್ ಹಾಕಿಸ್ತೀನಿ."

ಆ ದಿವಾನ್ ಕಾಟಿನ ಮೇಲೆ ಅವರಿಗೆ ಎಷ್ಟು ಕಾಲದಿಂದ ಕಣ್ಣಿದೆ ಅನ್ನುವುದು ನನಗೆ ಗೊತ್ತು. ಮೊದಲು ತಾಮ್ರದಲ್ಲಿ ಮಾಡಿ ಕೈ ಪಳಗಿಸಿಕೊಂಡು, ಆಮೇಲೆ ಆ ಗೆಜ್ಜೆ ಮುಟ್ಟೋಣ ಅಂತ ತೀರ್ಮಾನ ಮಾಡಿದೆ. ಆಮೇಲೆ ನಡೆದದ್ದು ಇದು.

ಶುಕ್ರವಾರದ ಬೆಳ್ಳಿ

ಒಂದು ಶುಕ್ರವಾರ ಟಾರ್ಚು ಹಚ್ಚಿದ್ದೆ. ನಮ್ಮತ್ತೆ ಓಡಿ ಬಂದರು.

"ಅಯ್ಯೋ, ಶುಕ್ರವಾರ ಲಕ್ಷ್ಮೀನ ಬೆಂಕಿಗೆ ಹಾಕ್ತಾರೇನಮ್ಮ ಯಾರಾದ್ರೂ?"

"ಇದು ತಾಮ್ರ ಅತ್ತೆ."

"ತಾಮ್ರ ಆದ್ರೆ ಸರಿ. ತಾಮ್ರ ಅಂದ್ರೆ ಚೊಂಬು" ಅಂದು ಹೋದರು.

ಮಂಗಳವಾರ ಮತ್ತೆ ಬಂದರು. ಮಂಗಳವಾರ ಒಲೆಯದು ಬಿಟ್ಟು ಬೇರೆ ಬೆಂಕಿ ಆಗುವುದಿಲ್ಲವಂತೆ. ಶನಿವಾರ ಕಬ್ಬಿಣದ ಸುತ್ತಿಗೆ ಎತ್ತಬಾರದಂತೆ. ಸೋಮವಾರ ಅವರ ಉಪವಾಸ, ಸದ್ದು ಮಾಡಿದರೆ ತಲೆ ಸುತ್ತುತ್ತದೆ. ಗುರುವಾರ ಪಕ್ಕದ ಮನೆಯಲ್ಲಿ ಮಗು ಮಲಗಿರುತ್ತದೆ. ಭಾನುವಾರ ಮನೆ ತುಂಬ ಜನ.

"ಹಾಗಾದ್ರೆ ಮಾಡೋದು ಯಾವತ್ತು ಅತ್ತೆ?" ಅಂತ ಕೇಳಿದೆ.

"ಬುಧವಾರ ಇದೆಯಲ್ಲಮ್ಮ. ಇಡೀ ದಿನ ನಿಂದೇ" ಅಂದರು. ಸ್ವಲ್ಪ ಯೋಚಿಸಿ, "ಬೀನ್ಸ್ ಬಿಡಿಸಿಕೊಟ್ಟ ಮೇಲೆ" ಅಂದರು.

ಒಗ್ಗರಣೆ

ಬೆಂಕಿಗೆ ಹಿಡಿದ ತಾಮ್ರ ಕಪ್ಪಾಗುತ್ತದೆ. ಅದನ್ನು ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿದರೆ ಕಪ್ಪು ಬಿಟ್ಟು ಬೆಳಗುತ್ತದೆ. ಇದಕ್ಕೆಂದೇ ಹಿಡಿ ಮುರಿದ ಒಂದು ಹಳೇ ಪಾತ್ರೆ ಇಟ್ಟುಕೊಂಡಿದ್ದೇನೆ. ಆ ದಿನ ಒಂದು ಜೊತೆ ತಾಮ್ರದ ಓಲೆ ಹಾಕಿ, ಹಿಂದಿನ ಒಲೆ ಮೇಲೆ ಕುದಿಯಲು ಬಿಟ್ಟು, ಮಗಳನ್ನು ಸ್ಕೂಲಿಂದ ಕರೆತರಲು ಹೋದೆ. ಯಾರೂ ಮುಟ್ಟುವುದಿಲ್ಲ ಅಂದುಕೊಂಡಿದ್ದೆ.

ವಾಪಸು ಬರುವಷ್ಟರಲ್ಲಿ ಬೀದಿ ತುದಿಗೇ ಘಮಘಮ. ನಮ್ಮತ್ತೆ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಏನಮ್ಮ, ಸಾರು ಕುದಿಯೋಕೆ ಇಟ್ಟು ಹೋಗಿದ್ದೀಯ. ಒಗ್ಗರಣೆ ಇಲ್ಲ, ಉಪ್ಪಿಲ್ಲ, ಬೇಳೆನೂ ಇಲ್ಲ. ಬರೀ ಹುಣಸೆಹಣ್ಣು. ಬೀಗರ ಮುಂದೆ ಹೀಗೆ ಮಾಡಿ ಮರ್ಯಾದೆ ಕಳೀಬೇಡ. ನಾನೇ ಸರಿ ಮಾಡಿದ್ದೀನಿ."

ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೈ ಬಿಗಿ ಹಿಡಿಯದೆ ಇಂಗು. ಒಳಗೆ ಹೋದರೆ ಇವರು ಅನ್ನಕ್ಕೆ ಹಾಕಿಕೊಳ್ಳಲು ಇನ್ನೊಂದು ಸೌಟು ಎತ್ತಿ ಹಿಡಿದಿದ್ದರು. ಇವರು ಅಂದರೆ ನನ್ನ ಗಂಡ, ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಹಸಿದು ಬಂದಿದ್ದರು. ಸೌಟಿನಲ್ಲಿ ಓಲೆ ಒಂದು ಹೊಳೆಯುತ್ತಿತ್ತು.

"ಇದೇನೇ, ಹೊಸ ತರಕಾರಿನಾ?"

"ರೀ, ಕೆಳಗಿಡ್ರೀ!" ಅಂತ ಕಿರುಚಿ ಪಾತ್ರೆ ಸಮೇತ ಹಿತ್ತಲಿಗೆ ಒಯ್ದೆ.

ಓಲೆ ತೊಳೆದೆ, ಅಂಟುವಾಳದ ನೊರೆಯಲ್ಲಿ ಉಜ್ಜಿದೆ, ಬಿಸಿಲಿಗಿಟ್ಟೆ. ಇಂಗು ಬಿಡಲೇ ಇಲ್ಲ. ಅದನ್ನು ನಾದಿನಿಯ ಆಫೀಸಿನ ಹುಡುಗಿಯೊಬ್ಬಳು ತಗೊಂಡಳು. ಮುಂದಿನ ಭಾನುವಾರ ಅವಳು ಹೇಳಿಕಳಿಸಿದ್ದಳು: "ಓಲೆ ತುಂಬಾ ಚೆನ್ನಾಗಿದೆ ಅಕ್ಕ. ಆದ್ರೆ ಹಾಕ್ಕೊಂಡಾಗೆಲ್ಲ ಹಸಿವಾಗುತ್ತೆ."

ಅಯಸ್ಕಾಂತ

ನಡುನಡುವೆ ಬೇರೆಯವರಿಗೆ ಸಣ್ಣಪುಟ್ಟ ಬೆಳ್ಳಿ ಒಡವೆಯನ್ನೂ ಮಾಡುತ್ತೇನೆ, ಅರದಲ್ಲಿ ಉಜ್ಜಿದಾಗ ಬೆಳ್ಳಿ ಪುಡಿ ಉದುರುತ್ತದೆ. ನಾನು ಕೆಳಗೆ ಪೇಪರ್ ಹಾಸಿ ಹಿಡಿದು ಎತ್ತಿಡುತ್ತೇನೆ. ನಮ್ಮತ್ತೆಗೆ ನಂಬಿಕೆ ಇಲ್ಲ. ಅರ್ಧ ಬೆಳ್ಳಿ ನೆಲಕ್ಕೆ ಹೋಗುತ್ತಿದೆ ಅಂತ ಅವರ ಅನುಮಾನ. ನಾನು ಗುಡಿಸಲು ಹೋದರೆ ಪೊರಕೆ ಕಿತ್ತುಕೊಂಡರು.

ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು, ಒಂದು ಮಧ್ಯಾಹ್ನವೆಲ್ಲ ಟೇಬಲ್ಲಿನ ಕೆಳಗೆ ಎಳೆದಾಡಿದರು. ಒಂದು ಸೇಫ್ಟಿ ಪಿನ್ನು, ಒಂದು ಮೊಳೆ, ಮಗಳ ತಲೆಪಿನ್ನು ಸಿಕ್ಕವು. ಬೆಳ್ಳಿ ಒಂದು ಕಣವೂ ಅಂಟಲಿಲ್ಲ.

"ಬೆಳ್ಳಿ ಅಯಸ್ಕಾಂತಕ್ಕೆ ಅಂಟಲ್ಲ ಅತ್ತೆ" ಅಂದೆ.

ಅವರು ಸೊಂಟ ಹಿಡಿದುಕೊಂಡು ಎದ್ದರು. ಸಿಟ್ಟು ಬಂದರೆ ಅವರಿಗೆ ತವರಿನ ತೆಲುಗು ಬರುತ್ತದೆ. "ಏಮಿ ಕರ್ಮಮೋ" ಅಂದು, ಆಮೇಲೆ ಕನ್ನಡಕ್ಕೆ ಬಂದರು. "ಮೊಳೆ ಅಂಟುತ್ತೆ, ಪಿನ್ನು ಅಂಟುತ್ತೆ, ನಿನ್ನ ಬೆಳ್ಳಿ ಮಾತ್ರ ಅಂಟಲ್ವಾ? ಎಲ್ಲಿ ತಂದೆಯೋ ಏನೋ, ಡುಪ್ಲಿಕೇಟ್ ಕೊಟ್ಟು ಕಳಿಸಿದ್ದಾರೆ."

ಹಸಿರು ಬಳೆ

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಆಂಟಿ ಇದ್ದಾರೆ. ಅವರ ಮನೆಯವರು ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾರೆ. ಇಡೀ ದಿನ ಬಿಸಿನೀರಿನಲ್ಲಿ ಕೈಯಾಡಿಸಿ ಅಂಕಲ್‌ಗೆ ಮಣಿಕಟ್ಟು ನೋವು. ತಾಮ್ರದ ಕಡಗ ಹಾಕಿದರೆ ಹೋಗುತ್ತದೆ ಅಂತ ಯಾರೋ ಹೇಳಿದ್ದರು.

"ಬೇಟಿ, ಒಂದು ಮಾಡಿಕೊಡಮ್ಮ. ಅರ್ಜೆಂಟು."

ಬುಧವಾರ ಕೂತು ಮಾಡಿಕೊಟ್ಟೆ. ಸ್ವಲ್ಪ ದಿನಕ್ಕೆ ಆಂಟಿ ಏದುಸಿರು ಬಿಡುತ್ತಾ ಬಂದರು. ನಾನು ಆಗ ತಾನೇ ತಾಮ್ರದ ಕಾಲುಂಗುರಕ್ಕೆ ಉರಿ ಹಿಡಿದಿದ್ದೆ. ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡಿದೆ, ಕಾಲುಂಗುರ ಉಂಡೆಯಾಯಿತು.

"ಬೇಟಿ, ಅವರ ಕೈ ಹಸಿರಾಗಿದೆ!"

ಬೆವರು ತಾಗಿದರೆ ತಾಮ್ರದಿಂದ ಚರ್ಮ ಹಸಿರಾಗುತ್ತದೆ. ಅದಕ್ಕೆ ಏನು ಸಮಾಧಾನ ಹೇಳಲಿ ಅಂತ ಯೋಚಿಸುತ್ತಿದ್ದೆ.

"ನೋವೆಲ್ಲ ಹೊರಗೆ ಬರ್ತಾ ಇದೆ, ಬೇಟಿ! ಕಣ್ಣಿಗೆ ಕಾಣುತ್ತೆ! ಘಟಕದಲ್ಲಿ ಎಲ್ಲರಿಗೂ ಬೇಕಂತೆ."

ಎಲ್ಲರಿಗೂ ಮಾಡಿಕೊಟ್ಟೆ. ಎಲ್ಲರ ಕೈಯೂ ಹಸಿರಾಯಿತು, ಎಲ್ಲರಿಗೂ ಖುಷಿ. ನನಗೇ ಮನಸ್ಸು ಕೇಳಲಿಲ್ಲ. ಕೊನೆಯ ಕಡಗಕ್ಕೆ ಒಳಗಡೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದು, ಹಸಿರಾಗದ ಹಾಗೆ ಮಾಡಿ ಕೊಟ್ಟೆ. ಎರಡು ದಿನಕ್ಕೆ ಅದು ಒಂದೇ ವಾಪಸು ಬಂತು, ಘಟಕದ ಹುಡುಗನೊಬ್ಬ ತಂದಿದ್ದ.

"ಇದು ಸರಿಯಿಲ್ಲ ಅಕ್ಕ. ಕೈ ಹಾಗೇ ಇದೆ. ನೋವೆಲ್ಲ ಒಳಗೇ ನಿಂತುಬಿಟ್ಟಿದೆ."

ಆಚಾರಮ್ಮ

ನಮ್ಮ ಯಜಮಾನರಿಗೆ ಮಾರ್ಕೆಟ್ಟಿನಲ್ಲಿ ಬಾಯಿ ನಿಲ್ಲುವುದಿಲ್ಲ. ಗೂಡು ತಂದ ರೈತರ ಜೊತೆ ಟೀ ಕುಡಿಯುತ್ತಾ, "ನಮ್ಮ ಮನೇಲೇ ಒಡವೆ ಮಾಡ್ತಾರೆ" ಅಂತ ಕೊಚ್ಚಿಕೊಂಡಿದ್ದಾರೆ. ಅಷ್ಟೇ ಹೇಳಿದ್ದಂತೆ.

ಒಂದು ಬುಧವಾರ ಬೆಳಗ್ಗೆ ಮನೆ ಮುಂದೆ ಟೆಂಪೋ ನಿಂತಿತು. ಮುರುಗಮಲ್ಲದ ಕಡೆಯ ಒಂದು ಹಳ್ಳಿಯವರು. ಮುಂದೆ ಹೊಸ ಪಂಚೆ ಉಟ್ಟ ಒಬ್ಬ ಗಂಡಸು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು, ಎಲೆ ಅಡಿಕೆ. ಹಿಂದೆ ಮಗು ಎತ್ತಿಕೊಂಡ ತಾಯಿ, ಅವಳ ಹಿಂದೆ ಅರ್ಧ ಊರು.

"ಆಚಾರಮ್ಮ ಅವರಾ? ಮಗೂಗೆ ಕಿವಿ ಚುಚ್ಚಿಸಬೇಕು."

ಆಗ ಅರ್ಥವಾಯಿತು. ನಮ್ಮ ಕಡೆ ಮಕ್ಕಳಿಗೆ ಕಿವಿ ಚುಚ್ಚುವವರು ಒಡವೆ ಮಾಡುವ ಆಚಾರಿಗಳು. ಒಡವೆ ಮಾಡುತ್ತಾಳೆ ಅಂದ ಮೇಲೆ ಕಿವಿ ಚುಚ್ಚದೆ ಇರುತ್ತಾಳೆಯೇ?

"ನಾನು ಬರೀ ಓಲೆ ಮಾಡೋದು. ಚುಚ್ಚೋಕೆ ಬರಲ್ಲ" ಅಂದೆ.

ಪಂಚೆ ಉಟ್ಟವನು ಮಗುವಿನ ಸೋದರಮಾವ. ಅವನು ನನ್ನ ಟೇಬಲ್ ಕಡೆ ನೋಡಿದ. "ಆ ಗಟ್ಟಿ ಬೆಳ್ಳಿಗೇ ತೂತು ಹಾಕ್ತೀರಂತೆ. ಇದು ಕಿವಿ ಅಮ್ಮ, ಎಷ್ಟು ಮೆತ್ತಗಿದೆ ನೋಡಿ!"

"ಬೆಳ್ಳಿ ಅಳಲ್ಲಪ್ಪ!"

ನಮ್ಮತ್ತೆಯಾದರೂ ಕಳಿಸುತ್ತಾರೆ ಅಂತ ಅವರ ಮುಖ ನೋಡಿದೆ. ಅವರು ಆಗಲೇ ಚಾಪೆ ಹಾಸಿ, ತಟ್ಟೆ ಇಸ್ಕೊಂಡು ದೇವರ ಮುಂದೆ ಇಟ್ಟಾಗಿತ್ತು. "ಮಂಗಳದ ತಟ್ಟೆ ಮನೆಗೆ ಬಂದ ಮೇಲೆ ಹಿಂದಕ್ಕೆ ಕಳಿಸ್ತಾರಾ? ಚುಚ್ಚಮ್ಮ, ಏನಾಗುತ್ತೆ?"

ಸೋದರಮಾವ ಚಾಪೆ ಮೇಲೆ ಕೂತು ಮಗುವನ್ನು ತೊಡೆ ಮೇಲೆ ಇಟ್ಟುಕೊಂಡೇ ಬಿಟ್ಟ. ಮಗು ನನ್ನ ಕೈಯಲ್ಲಿದ್ದ ಇಕ್ಕಳ ನೋಡಿತು, ನನ್ನ ಮುಖ ನೋಡಿತು, ಕೊಂಯ್ ಅಂತ ಶುರು ಮಾಡಿತು. ಇಡೀ ಮನೆಯಲ್ಲಿ ನನ್ನ ಮಾತು ನಂಬಿದ್ದು ಅದೊಂದೇ.

ಕೊನೆಗೆ ಅದೇ ಟೆಂಪೋ ಹತ್ತಿ, ಎಲ್ಲರನ್ನೂ ಪೇಟೆಯ ಆಚಾರಿಯ ಅಂಗಡಿಗೆ ನಾನೇ ಕರೆದುಕೊಂಡು ಹೋದೆ. ಅವರು ಕಣ್ಣು ಮಿಟುಕಿಸುವುದರಲ್ಲಿ ಚುಚ್ಚಿದರು. ಹೊರಡುವಾಗ ಮಗುವಿನ ತಾಯಿ ನನ್ನ ಕೈ ಹಿಡಿದುಕೊಂಡಳು.

"ಬೇಜಾರು ಮಾಡ್ಕೋಬೇಡಿ ಆಚಾರಮ್ಮ. ಎರಡನೇದು ಹುಟ್ಟೋ ಹೊತ್ತಿಗೆ ಕಲಿತಿರಿ, ನಿಮ್ಮ ಹತ್ರಾನೇ ಬರ್ತೀವಿ."

ಅಳತೆ

ಇಷ್ಟೆಲ್ಲ ಗಲಾಟೆ ನಡುವೆ ತಾಮ್ರದ ಕಾಲುಂಗುರ ಒಂದು ಹದಕ್ಕೆ ಬಂತು. ಇನ್ನು ಬೆಳ್ಳಿ ಶುರು ಮಾಡಬೇಕು, ನಾದಿನಿಯ ಬೆರಳಿನ ಅಳತೆ ಬೇಕು. ಈಗಿನ ಕಾಲುಂಗುರಗಳಿಗೆ ಹಿಂದೆ ಬಾಯಿ ಬಿಟ್ಟಿರುತ್ತದೆ, ಅಮುಕಿದರೆ ಯಾರಿಗಾದರೂ ಆಗುತ್ತದೆ. ನಮ್ಮತ್ತೆಗೆ ಅದು ಆಗದು. ಅವರ ಮನೆತನದಲ್ಲಿ ಮೂರು ಸುತ್ತಿನ, ಪೂರ್ತಿ ಮುಚ್ಚಿದ ಕಾಲುಂಗುರವೇ ಆಗಬೇಕು. ಅಂದರೆ ಅಳತೆ ಒಂದು ಕೂದಲು ತಪ್ಪಿದರೂ ಕೆಟ್ಟಿತು.

ದಾರ ಹಿಡಿದು ನಾದಿನಿಯ ಕಾಲ ಹತ್ತಿರ ಕೂತೆ. ನಮ್ಮತ್ತೆ ನನ್ನ ಕೈ ತಟ್ಟಿ ಸರಿಸಿದರು.

"ಮದುವೆಗೆ ಮುಂಚೆ ಆ ಬೆರಳಿಗೆ ಏನೂ ಸುತ್ತೋ ಹಾಗಿಲ್ಲ."

"ದಾರ ಅತ್ತೆ, ಅಳತೆಗೆ."

"ದಾರ ಆದ್ರೂ ಸುತ್ತಿದ ಹಾಗೇ ತಾನೇ? ಮೊದಲು ತೊಡಿಸೋನು ಗಂಡ. ಕಣ್ಣಳತೇಲಿ ಮಾಡು."

ಕಣ್ಣಳತೆಯಲ್ಲಿ ಉಪ್ಪು ಹಾಕಬಹುದು. ಮುಚ್ಚಿದ ಕಾಲುಂಗುರ ಮಾಡಲು ಆಗುತ್ತದೆಯೇ? ತಲೆ ಮೇಲೆ ಕೈ ಹೊತ್ತು ಕೂತೆ. ಕಿಟಕಿ ಮೂಲೆಯಲ್ಲಿ ದಿವಾನ್ ಕಾಟ್ ಬಂದು ಕೂತ ಹಾಗೇ ಕಾಣುತ್ತಿತ್ತು.

ಅದೇ ಭಾನುವಾರ ಸಾಯಂಕಾಲ ನಾದಿನಿ ಕಾಲು ಚಾಚಿ ಕೂತು ಫೋನ್ ನೋಡುತ್ತಿದ್ದಳು. ನನ್ನ ಮಗಳು ಪಕ್ಕದಲ್ಲಿ ಬೋಟಿ ತಿನ್ನುತ್ತಿದ್ದಳು. ಅದೇ, ಹಳದಿ ಬಣ್ಣದ, ಕೊಳವೆ ಥರ ಇರುವ ಬೋಟಿ, ಮಕ್ಕಳು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಒಂದೊಂದೇ ತಿನ್ನುತ್ತಾರಲ್ಲ, ಅದು. ಇವಳ ಕೈಬೆರಳು ಮುಗಿದವು. ತನ್ನ ಸೋದರತ್ತೆ, ಅಂದರೆ ನಾದಿನಿಯ ಕಾಲ್ಬೆರಳಿಗೆ ಹಾಕಲು ಶುರು ಮಾಡಿದಳು. ಹೆಬ್ಬೆರಳಿನ ಪಕ್ಕದ ಬೆರಳಿಗೆ ಒಂದು ಬೋಟಿ ಹೇಳಿ ಮಾಡಿಸಿದ ಹಾಗೆ ಕೂತಿತ್ತು.

"ಅಲ್ಲಾಡಬೇಡ!" ಅಂತ ಕೂಗಿದೆ.

ನಾದಿನಿ ಚೇಳು ಅಂದುಕೊಂಡು ಕಲ್ಲಾದಳು. ನಾನು ಮೆಲ್ಲಗೆ ಬೋಟಿ ಬಿಡಿಸಿ, ಅಡುಗೆಮನೆಗೆ ಓಡಿ, ಕಡಗೋಲಿನ ಹಿಡಿಗೆ ತೂರಿಸಿದೆ. ಆ ಹಿಡಿ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ, ಅಳತೆಗೆ ಹೇಳಿಮಾಡಿಸಿದ್ದು. ಬೋಟಿ ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಬೋಟಿಯನ್ನೂ ಇರಲಿ ಅಂತ ಒಂದು ಪುಟ್ಟ ಬಟ್ಟಲಿನಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟೆ. ಮಗಳ ಕೈಗೆ ಎಟುಕದ ಜಾಗ ನಮ್ಮ ಮನೆಯಲ್ಲಿ ಅದೊಂದೇ.

ಮಾರನೇ ದಿನ ನೋಡುತ್ತೇನೆ, ಕಡಗೋಲು ಫಳಫಳ ಹೊಳೆಯುತ್ತಿದೆ. ನಮ್ಮತ್ತೆ ಬೂದಿ ಹಾಕಿ ಉಜ್ಜಿದ್ದರು. "ಯಾರೋ ಗೀಚಿದ್ರಮ್ಮ, ಮಜ್ಜಿಗೆ ಕಡೆಯೋ ಸಾಮಾನಿಗೆ." ದೇವರ ಗೂಡಿಗೆ ಓಡಿದೆ. ಬಟ್ಟಲು ಖಾಲಿ.

"ಅತ್ತೆ, ಇದರಲ್ಲಿ ಇದ್ದಿದ್ದು..."

"ಪ್ರಸಾದ ತಾನೇ? ಪೂಜೆ ಮಾಡಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕ್ಕೊಂಡೆ. ಉಪವಾಸಕ್ಕೆ ಅಷ್ಟೇ ಆಧಾರ. ಯಾವ ದೇವಸ್ಥಾನದ್ದಮ್ಮ? ಸ್ವಲ್ಪ ಮೆತ್ತಗಾಗಿತ್ತು, ಆದ್ರೆ ಉಪ್ಪುಪ್ಪಾಗಿ ಚೆನ್ನಾಗಿತ್ತು."

ಮಗಳು ಹೇಳಲು ಬಾಯಿ ತೆರೆದಳು. ಅವಳ ಪ್ಯಾಕೆಟ್ಟಿನಿಂದಲೇ ಒಂದು ಬೋಟಿ ತೆಗೆದು ಆ ಬಾಯಿಗೆ ತುರುಕಿದೆ.

ಮುಂದಿನ ಭಾನುವಾರ ಮತ್ತೆ ಅದೇ ಆಟ ಆಡಿಸಿದೆ. ಈ ಸಲ ಎರಡೂ ಕಾಲಿಗೆ. ಪೆನ್ಸಿಲ್ ನಂಬಲಿಲ್ಲ, ಕಡಗೋಲಿನ ಮೇಲೆ ಅರದಲ್ಲೇ ಗೀರು ಹಾಕಿದೆ. ಬುಧವಾರ ಗೆಜ್ಜೆ ಕರಗಿಸಿದೆ, ತಟ್ಟಿದೆ, ತಂತಿ ಎಳೆದೆ, ಮೂರು ಸುತ್ತು ಸುತ್ತಿದೆ. ಕುಕ್ಕರ್ ಇಳಿಸಿ, ಫೋನ್ ಆರಿಸಿ, ಬಾಗಿಲಿಗೆ ಚಿಲಕ ಹಾಕಿ ಉರಿ ಹಿಡಿದೆ. ಬೆಳ್ಳಿ ಕೆಂಪೇರಿತು. ಧಬಧಬ ಬಾಗಿಲು ಬಡಿದರು. ನಾನು ತಿರುಗಲಿಲ್ಲ. "ಯಾರಮ್ಮ ಒಳಗೆ?" ಅಂದರು. ಉಸಿರು ಬಿಡಲಿಲ್ಲ. ಬೆಸುಗೆ ಫಳಕ್ಕನೆ ಹರಿಯಿತು.

ಚಿಲಕ ತೆಗೆದರೆ ನಮ್ಮತ್ತೆ, ಎರಡೂ ಕೈಯಲ್ಲಿ ತರಕಾರಿ ಚೀಲ, ಬಿಸಿಲಿಗೆ ಮುಖ ಕಾದ ತಾಮ್ರದ ಹಾಗಾಗಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಅವರೂ ಹರಿಯುತ್ತಿದ್ದರು.

ಮಂಟಪದಲ್ಲಿ

ಮದುವೆ ದಿನ ನನಗೆ ಊಟ ಸೇರಲಿಲ್ಲ. ಹಾಕಿ ನೋಡದ ಕಾಲುಂಗುರ, ಬೋಟಿಯ ಅಳತೆ, ಅಷ್ಟು ಜನದ ಮುಂದೆ. ಗಂಡು ಬಗ್ಗಿ ನಾದಿನಿಯ ಕಾಲನ್ನು ಕಲ್ಲಿನ ಮೇಲಿಟ್ಟ. ನನ್ನ ಕಣ್ಣು ಮುಚ್ಚಿಹೋಯಿತು. ತೆರೆದಾಗ ಒಂದು ಕೂತಿತ್ತು. ಇನ್ನೊಂದೂ ಕೂತಿತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

ಗಂಡಿನ ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಎಷ್ಟು ಸರಿಯಾಗಿ ಕೂತಿದೆ! ಮುಂಚೆ ಹಾಕಿ ನೋಡಿದ್ರೇನಮ್ಮ?"

"ಛೆ ಛೆ! ನಮ್ಮಲ್ಲಿ ಆ ಪದ್ಧತಿನೇ ಇಲ್ಲ" ಅಂದರು ನಮ್ಮತ್ತೆ. ಆಮೇಲೆ, ನನ್ನ ಮದುವೆಯಾದಾಗಿನಿಂದ ನಾನು ಕೇಳದೇ ಇದ್ದ ಒಂದು ಮಾತು ಅವರ ಬಾಯಿಂದ ಬಂತು. "ನಮ್ಮ ಸೊಸೆ ಕೈಲಿ ಮಾಡಿದ್ದು. ಅವಳ ಕಣ್ಣಳತೆ ಹಾಗಿದೆ. ಇವಳಿಗೇ ಅಂತ ಮನೇಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದೀನಿ."

ನನಗೆ ಕಣ್ಣಲ್ಲಿ ನೀರು ಬಂತು. ಮೂಲೆ ಉಳಿಯಿತು. ದಿವಾನ್ ಕಾಟ್ ಅಂಗಡಿಯಲ್ಲೇ ಉಳಿಯಿತು. ಅಷ್ಟರಲ್ಲಿ ಓಲಗದವರು ಉಸಿರು ತಗೊಳ್ಳಲು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ನನ್ನ ಮಗಳ ದನಿ ಇಡೀ ಛತ್ರಕ್ಕೆ ಕೇಳಿಸಿತು.

"ಸುಳ್ಳು ಅಜ್ಜಿ! ಅತ್ತೆ ಕಾಲಿಗೆ ನಾನೇ ಫಸ್ಟ್ ಹಾಕಿದ್ದು. ಅಮ್ಮ ಅದನ್ನ ತೆಗೆದು ದೇವರ ಹತ್ರ ಇಟ್ಟಿದ್ಲು. ನೀನು ತಿಂದ್ಬಿಟ್ಟೆ!"

ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡಿನ ಅಜ್ಜಿ ಕನ್ನಡಕ ತೆಗೆದು ನಮ್ಮತ್ತೆಯನ್ನು ನೋಡಿದರು. ನಮ್ಮತ್ತೆ ಮೆಲ್ಲಗೆ ನನ್ನ ಕಡೆ ತಿರುಗಿದರು. ಒಂದು ಕೈ ತಾನಾಗೇ ಮೇಲೆದ್ದು, ಅವತ್ತು ಪ್ರಸಾದ ಒತ್ತಿಕೊಂಡ ಕಣ್ಣು ಮುಟ್ಟಿ, ಅಲ್ಲಿಂದ ತುಟಿಗೆ ಬಂದು ನಿಂತಿತು.

"ಏನಮ್ಮ," ಅಂದರು, "ಅವತ್ತು ದೇವರ ಮುಂದೆ ನಿಂತು ನಾನು ತಿಂದಿದ್ದು ಏನು?"